ಎರಡಿಂಚಿನ ಅರ್ಧ ಒಂದಿಂಚಲ್ಲ!

"ಬೋರಲ್ಲಿ ಎಷ್ಟೈತೆ ನೀರು?" ಅಂತ ಯಾರಾದರೂ ಕೇಳಿದರೆ ನಮ್ಮ ಐಮಂಗಲದ ಕಡೆ ಉತ್ತರ ಇಂಚಿನಲ್ಲೇ. 2017ರ ಬೇಸಿಗೆಯಲ್ಲಿ ನನ್ನ ಎರಡಿಂಚಿನ ಬೋರು ಒಂದಿಂಚಿಗೆ ಬಂತು. ಅರ್ಧ ಉಳಿದಿದೆಯಲ್ಲ ಎಂದುಕೊಂಡು ಎಲ್ಲ ಗಿಡಕ್ಕೂ ಅರ್ಧರ್ಧ ಹಂಚಿದೆ. ಅಡಿಕೆ ಅಷ್ಟೂ ಹೋಯಿತು, ತೆಂಗೂ ಸುಳಿ ಬಾಡಿತು.

ತಪ್ಪು ಲೆಕ್ಕದ್ದು. ಬೋರಿನವರು ಇಂಚು ಅಳೆಯುವುದು 'ವಿ' ಆಕಾರದ ಕಚ್ಚಿನಲ್ಲಿ. ನೀರು ಇಳಿದಂತೆ ಅಲ್ಲಿ ಎತ್ತರದ ಜೊತೆ ಅಗಲವೂ ಕಮ್ಮಿಯಾಗುತ್ತದೆ. ಎರಡಿಂಚು ಎಂದರೆ ಗಂಟೆಗೆ ಸುಮಾರು 2,900 ಲೀಟರ್. ಒಂದಿಂಚು ಎಂದರೆ ಬರೀ 510. ಐದರಲ್ಲಿ ಒಂದು ಪಾಲೂ ಇಲ್ಲ!

ಹೊಳೆಯಾದರೆ

ನಮ್ಮ ವೇದಾವತಿಗೆ ಕಟ್ಟಿದ ಮಾರಿಕಣಿವೆ (ವಾಣಿವಿಲಾಸ ಸಾಗರ) 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಅಲ್ಲಿ ಮಟ್ಟ, ಒಳಹರಿವು, ಹೊರಹರಿವು ಬರೆದಿಡುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್, ದಿನಪೂರ್ತಿ ಹರಿದರೆ 24 ಲಕ್ಷ ಲೀಟರಿಗೂ ಮಿಕ್ಕಿ.

ಹಳ್ಳ, ಕಾಲುವೆಯನ್ನು ನಾವೇ ಅಳೆಯಬಹುದು. ನೇರವಾಗಿ ಹರಿಯುವ ಕಡೆ 10 ಮೀಟರ್ ಗುರುತು ಮಾಡಿ. ತೆಂಗಿನ ಸಿಪ್ಪೆ ತೇಲಿಬಿಡಿ. 20 ಸೆಕೆಂಡಿನಲ್ಲಿ ದಾಟಿದರೆ ವೇಗ ಅರ್ಧ ಮೀಟರ್. ಅಗಲ 1 ಮೀಟರ್, ಸರಾಸರಿ ಆಳ 10 ಸೆಂ.ಮೀ. ಇದ್ದರೆ ಸೆಕೆಂಡಿಗೆ 50 ಲೀಟರ್. ತಳದ ನೀರು ನಿಧಾನ, ಹಾಗಾಗಿ 0.8ರಿಂದ ಗುಣಿಸಿ, 40 ಎಂದು ಹಿಡಿಯಿರಿ.

ಬೋರಾದರೆ

ನನಗೆ ಕಾಲುವೆ ನೀರಿಲ್ಲ, ಬೋರೇ ಗತಿ. 200 ಲೀಟರಿನ ಡ್ರಮ್ಮು, ಒಂದು ಗಡಿಯಾರ ಸಾಕು. ಮೋಟಾರು ಹಾಕಿದ ತಕ್ಷಣ ಅಳೆಯಬೇಡಿ. ಕೊಳವೆಯಲ್ಲಿ ನಿಂತ ನೀರು ಮೋಸ ಮಾಡುತ್ತದೆ. ಒಂದು ಗಂಟೆ ಓಡಿದ ಮೇಲೆ ಡ್ರಮ್ಮು ಇಡಿ. ತುಂಬಲು ಹಿಡಿದ ನಿಮಿಷದಿಂದ 12,000ವನ್ನು ಭಾಗಿಸಿದರೆ ಗಂಟೆಯ ಲೀಟರ್ ಸಿಗುತ್ತದೆ. ವಾರಕ್ಕೊಮ್ಮೆ ಅಳೆದು ಕ್ಯಾಲೆಂಡರಿನಲ್ಲೇ ಬರೆಯುತ್ತೇನೆ.

ಖರ್ಚಿನ ಲೆಕ್ಕ

ಬೇಸಿಗೆಗೆ ನಾನು ಇಟ್ಟುಕೊಂಡ ದಿನದ ಲೆಕ್ಕ ಹೀಗಿದೆ:

ಮನೆ, ದನ: 450 ಲೀಟರ್
ತೆಂಗು 60, ತಲಾ 50: 3,000
ಅಡಿಕೆ 400, ತಲಾ 20: 8,000
ಒಟ್ಟು: 11,450 ಲೀಟರ್

2023ರ ಬರದ ನಂತರ, 2024ರ ಫೆಬ್ರವರಿಯಲ್ಲಿ ಡ್ರಮ್ಮು ತುಂಬಲು ಎಂಟೂವರೆ ನಿಮಿಷ ಬೇಕಾಯಿತು. ಗಂಟೆಗೆ 1,400 ಲೀಟರ್; ಆರು ಗಂಟೆ ಕರೆಂಟಿಗೆ 8,400. ಮನೆ, ದನ, ತೆಂಗು ಕಳೆದರೆ ಉಳಿಯುವುದು 250 ಅಡಿಕೆಗೆ ಸಾಲುವಷ್ಟು. ಅಂದೇ 150 ಗಿಡದ ಡ್ರಿಪ್ ಮುಚ್ಚಿದೆ. ಹೊಟ್ಟೆ ಉರಿಯದೆ ಇರುತ್ತದೆಯೇ? ಮನೆಯಲ್ಲಿ ಎರಡು ದಿನ ಮಾತಿಲ್ಲ. ಉಳಿದವುಗಳ ಬುಡಕ್ಕೆ ಗರಿ, ಸಿಪ್ಪೆ ಹೊದಿಸಿದೆ. ಏಪ್ರಿಲ್‌ನಲ್ಲಿ ಹತ್ತು ನಿಮಿಷಕ್ಕೆ ಬಂತು. ಇನ್ನೂ 60 ಬಿಟ್ಟೆ.

ಮಳೆ ಬರುವಾಗ 60 ತೆಂಗು, 190 ಅಡಿಕೆ ಹಸಿರಾಗಿದ್ದವು. ಎಲ್ಲಕ್ಕೂ ಹಂಚಿದ್ದರೆ 2017ರ ಕತೆಯೇ ಮತ್ತೆ ಆಗುತ್ತಿತ್ತು.

ಅಳೆದರೆ ನೀರು ಹೆಚ್ಚುವುದಿಲ್ಲ, ನಿಜ. ಆದರೆ ಯಾವುದನ್ನು ಬಿಡಬೇಕು ಎಂಬುದು ಗಿಡ ಒಣಗುವ ಮೊದಲೇ ಗೊತ್ತಾಗುತ್ತದೆ. ಈ ವಾರವೇ ಒಮ್ಮೆ ಡ್ರಮ್ಮು ಇಟ್ಟು ನೋಡಿ.