ಹಾಡು ನಿಂತಾಗ ಆ ಸಂಖ್ಯೆ ಏನು ಹೇಳುತ್ತದೆ?



ಊರಿಂದ ಬಂದ ಅಮ್ಮನಿಗೆ ಫೋನಿನಲ್ಲಿ ದೇವರನಾಮ ಹಾಕಲು ಹೋದರೆ, ಹಾಡಿನ ಬದಲು ಮೂರಂಕಿಯ ಸಂಖ್ಯೆಯೊಂದು ಬರುತ್ತದೆ. ಗಾಬರಿ ಬೇಡ. ಇವು ಸಾಮಾನ್ಯವಾಗಿ ಇಡೀ ವೆಬ್‌ಗೆ ಒಂದೇ. ಮೊದಲ ಅಂಕೆ ನೋಡಿ.

5 ಇದ್ದರೆ ತೊಂದರೆ ಕಂಪನಿಯ ಸರ್ವರ್‌ನದು. 503 ಬಂದರೆ ಸ್ವಲ್ಪ ಹೊತ್ತು ಕಾಯಿರಿ.

4 ಇದ್ದರೆ ನಾವು ಕೇಳಿದ್ದರಲ್ಲಿ ತೊಡಕು. 401: ಮತ್ತೆ ಲಾಗಿನ್ ಆಗಿ. 404: ಆ ವಿಳಾಸದಲ್ಲಿ ಹಾಡಿಲ್ಲ. 403: ಅನುಮತಿಯಿಲ್ಲ.

ಊರಲ್ಲಿ ಸಿಗುವ ಹಾಡು ಇಲ್ಲಿ ಸಿಗದಿದ್ದರೆ, ಕಾರಣ ಹೆಚ್ಚಾಗಿ ಹಕ್ಕುಸ್ವಾಮ್ಯ. ಪರವಾನಗಿ ದೇಶದಿಂದ ದೇಶಕ್ಕೆ ಬೇರೆ. ಅದೇ ಹಾಡನ್ನು ಬೇರೆ ಗಾಯಕರ ದನಿಯಲ್ಲಿ ಹುಡುಕಿ ನೋಡಿ.

ಕೊನೆಯದಾಗಿ, ಸಿಟ್ಟಿನಲ್ಲಿ ಆಪ್ ಅಳಿಸಬೇಡಿ. ಅದರಲ್ಲಿ ಇಳಿಸಿಟ್ಟುಕೊಂಡ ಹಾಡುಗಳೂ ಸಾಮಾನ್ಯವಾಗಿ ಜೊತೆಗೇ ಹೋಗುತ್ತವೆ. ನೆಟ್ ಇಲ್ಲದಾಗ ಅಮ್ಮನಿಗೆ ಕೇಳಿಸಲು ಇರುವುದು ಅವೇ!