ರಾತ್ರಿ ಅಳವಂಡಿಯಿಂದ ಹುಬ್ಬಳ್ಳಿಗೆ

ಕೊಪ್ಪಳ ಜಿಲ್ಲೆಯ ಅಳವಂಡಿಯಿಂದ ರಾತ್ರಿ ಹೊತ್ತಿನಲ್ಲಿ ಗಾಡಿ ಹುಬ್ಬಳ್ಳಿಗೆ ಹೊರಟರೆ ಕಾರಣ ಸಾಮಾನ್ಯವಾಗಿ ಆಸ್ಪತ್ರೆ. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದ್ದರೂ ಹೆಚ್ಚಿನ ಚಿಕಿತ್ಸೆ ಬೇಕಾದವರನ್ನು ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೆ ಒಯ್ಯುವುದುಂಟು. ದಾರಿ ಮುಂಡರಗಿ, ಗದಗ, ಅಣ್ಣಿಗೇರಿ ಮೇಲೆ ಹಾದುಹೋಗುತ್ತದೆ.

ಮುಂಡರಗಿ ತನಕದ ರಸ್ತೆ ಊರಿನವರಿಗೆ ಪರಿಚಿತ, ಆದರೆ ದೀಪವಿಲ್ಲದ್ದು. ಎರೆಭೂಮಿ ಮಳೆಗೆ ಹಿಗ್ಗಿ ಬೇಸಿಗೆಗೆ ಬಿರಿಯುವುದರಿಂದ ಡಾಂಬರು ಅಲ್ಲಲ್ಲಿ ಕುಸಿದಿರುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಣಹಾಕಿದ ಕಾಳಿನ ಸುತ್ತ ಕಲ್ಲು ಇಡುತ್ತಾರೆ. ಕಾಳು ಮನೆ ಸೇರಿದರೂ ಕಲ್ಲು ಅಲ್ಲೇ ಉಳಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಿಗೆ ಹಿಂದೀಪ ಇದ್ದರೆ ಅದೇ ಭಾಗ್ಯ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎದುರಿನವನು ಡಿಪ್ಪರ್ ಹಾಕದೆ ಮೂರು ಸೆಕೆಂಡ್ ಕಣ್ಣು ಕೋರೈಸಿದರೆ 50 ಮೀಟರ್ ದಾರಿ ಕಾಣದೆಯೇ ಕಳೆಯುತ್ತದೆ. ಆಗ ಎದುರಿನ ಬೆಳಕನ್ನು ದಿಟ್ಟಿಸದೆ ರಸ್ತೆಯ ಎಡ ಅಂಚು ನೋಡಿಕೊಂಡು ವೇಗ ಇಳಿಸಬೇಕು. ಮುಂದಿನ ಗಾಜನ್ನು ಒಳಗಡೆಯಿಂದಲೂ ಒರೆಸಿ ಹೊರಟವರಿಗೆ ಈ ಕಷ್ಟ ಅರ್ಧ ಕಡಿಮೆ.

ಹುಬ್ಬಳ್ಳಿಯಲ್ಲಿ ಬೆಳಕಿಗೆ ಕೊರತೆಯಿಲ್ಲ, ಗೊತ್ತಿಲ್ಲದ್ದು ದಾರಿ. ಗದಗ ರಸ್ತೆಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಸಿಕ್ಕರೆ ಊರೊಳಗೆ ಬಂದಂತೆ. ಮುಂದೆ ಚೆನ್ನಮ್ಮ ವೃತ್ತ, ಹೊಸೂರು, ಆಮೇಲೆ ವಿದ್ಯಾನಗರದ ಕಿಮ್ಸ್. ಈ ಹೆಸರುಗಳನ್ನು ಸಾಲಾಗಿ ನೆನಪಿಟ್ಟುಕೊಳ್ಳುವುದು ಮೊಬೈಲಿನ ನಕಾಶೆಗಿಂತ ಹೆಚ್ಚು ಉಪಯೋಗಿ. ನಕಾಶೆ ಹತ್ತಿರದ ದಾರಿ ಎಂದು ಗಾಡಿ ತಿರುಗದ ಓಣಿಗೂ ಕರೆದೊಯ್ಯುತ್ತದೆ. ಮೇಲ್ಸೇತುವೆ ಕಾಮಗಾರಿಯ ಕಾಲದಲ್ಲಿ ಚೆನ್ನಮ್ಮ ವೃತ್ತದ ಸಂಚಾರವೇ ಬದಲಾದದ್ದರಿಂದ, ಹಿಂದೊಮ್ಮೆ ಬಂದುಹೋದವರ ನೆನಪನ್ನೂ ಪೂರ್ತಿ ನಂಬುವಂತಿಲ್ಲ.

ಹೊಸಬರು ಹೆಚ್ಚು ತಪ್ಪುವುದು ಕಿಮ್ಸ್ ಮುಂದಿನ ತ್ವರಿತ ಬಸ್ ಸಾರಿಗೆಯ, ಅಂದರೆ ಬಿಆರ್‌ಟಿಎಸ್ ರಸ್ತೆಯಲ್ಲಿ. 2018ರಿಂದ ಓಡುತ್ತಿರುವ ಚಿಗರಿ ಬಸ್ಸುಗಳಿಗೆ ರಸ್ತೆಯ ನಡುವಿನ ಪಥ ಮೀಸಲು. ರಾತ್ರಿ ಅದು ಖಾಲಿ ಬಿದ್ದಿರುವುದನ್ನು ಕಂಡು ಪರವೂರಿನ ಗಾಡಿ ಸಲೀಸಾಗಿ ಒಳನುಗ್ಗುತ್ತದೆ. ನುಗ್ಗಿದ ಮೇಲೆ ಬೇಕೆಂದ ಕಡೆ ಹೊರಬರಲಾಗದು, ಬಸ್ಸು ಬಂದರಂತೂ ದೇವರೇ ಗತಿ. ಅಂಚಿನ ಪಥದಲ್ಲಿದ್ದವರೂ ಬಲಕ್ಕೆ ತಿರುಗಲು ಸಿಗ್ನಲ್ ತನಕ ಹೋಗಲೇಬೇಕು; ಮುಟ್ಟಬೇಕಾದ ಕಟ್ಟಡ ಆಚೆ ಬದಿಗೆ ಕಂಡಿತೆಂದು ಗಡಬಡಿಸಿ ಪ್ರಯೋಜನವಿಲ್ಲ.

ಸಂಶಯ ಬಂದಲ್ಲಿ ಗಾಡಿಯನ್ನು ಬದಿಗೆ ನಿಲ್ಲಿಸಿ ಆಟೋದವರನ್ನೋ ಔಷಧಿ ಅಂಗಡಿಯವರನ್ನೋ ಕೇಳುವುದು ಮೇಲು. "ಅಣ್ಣಾರ, ಕಿಮ್ಸಿಗೆ ಹೆಂಗ ಹೋಗಬೇಕ್ರಿ?" ಎಂದರೆ ಹುಬ್ಬಳ್ಳಿಯವರು ಕೈಮಾಡಿ ತೋರಿಸಿಯೇ ಹೇಳುತ್ತಾರೆ. "ಈ ಕಡೆನೇ ಅಲ್ರೀ?" ಎಂದು ಕೇಳಬಾರದು. ಅದಕ್ಕೆ ದಾರಿ ಗೊತ್ತಿಲ್ಲದವರೂ "ಹೌದ್ರಿ" ಅನ್ನುತ್ತಾರೆ.

ರೋಗಿಯನ್ನು ಇಳಿಸಿದ ಬಾಡಿಗೆ ಚಾಲಕರು ಕೂಡಲೇ ಹಿಂದಿರುಗುವುದು ರೂಢಿ. ನಡುರಾತ್ರಿ ದಾಟಿದ ಮೇಲಿನ ಜಾವಗಳಲ್ಲಿ ನಿದ್ದೆಯ ಒತ್ತಡ ಅತಿ ಹೆಚ್ಚು. ಬೆಳಕಾಗುವ ತನಕ ಮಲಗಿ ಹೊರಡುವುದೇ ಕ್ಷೇಮ. ಹಾಗೆ ತಂಗಿದರೆ ಕಾಯುವ ಹಣದ ಮಾತು ಬರುತ್ತದೆ. ಅದನ್ನು ಅಳವಂಡಿಯಲ್ಲೇ, ಗಾಡಿ ಹತ್ತುವ ಮುಂಚೆ ಮುಗಿಸಿಕೊಂಡಿರಬೇಕು.