ಲೆಕ್ಕಕ್ಕೆ ಬಾರದ ಸೂಜಿ

ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ರಾಷ್ಟ್ರೀಯ ಆದಾಯದ ಪಾಠವಿದೆ. ಮನೆಯೊಳಗೆ ಹೆಂಗಸರು ಸಂಬಳವಿಲ್ಲದೆ ಮಾಡುವ ಕೆಲಸ ಜಿಡಿಪಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಅದರಲ್ಲಿ ಓದಿದಾಗ ನನಗೆ ಅಮ್ಮಿಯ ಕಸೂತಿ ಚೌಕಟ್ಟು ನೆನಪಾಯಿತು. ಬಂಗಾರಪೇಟೆಯ ನಮ್ಮ ಮನೆಯಲ್ಲಿ ಅಮ್ಮಿ ಬ್ಲೌಸ್‌ಗಳಿಗೆ ಆರಿ ವರ್ಕ್ ಮಾಡುತ್ತಾರೆ. ಅದಕ್ಕೆ ಕೂಲಿ ಉಂಟು. ಆದರೆ ಜುಜ್ದಾನ್, ಅಂದರೆ ಕುರ್‌ಆನ್ ಸುತ್ತಿಡುವ ಬಟ್ಟೆ, ಅದರ ಮೇಲೆ ಹಾಕಿದ ಹೂಬಳ್ಳಿಗೆ ಬಿಲ್ಲೂ ಇಲ್ಲ, ಹೆಸರೂ ಇಲ್ಲ.

ಸೂಜಿ ಕೆಲಸ ಮನೆಯಿಂದ ಹೊರಗೆ ಬಂದು ಕಲೆ ಎನಿಸಿಕೊಂಡ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಹೆಂಗಸರು ಕನ್ನಡಿ ಚೂರು, ಕವಡೆ, ಬಣ್ಣದ ಬಟ್ಟೆ ತುಂಡುಗಳನ್ನು ಸೇರಿಸಿ ಹೊಲಿಯುತ್ತಾರೆ. ಮೊದಲು ಇದು ಮಾರುವ ಸರಕಾಗಿರಲಿಲ್ಲ, ಅವರೇ ತೊಡುವ ಲಂಗ, ಕುಪ್ಪಸ. ಎತ್ತುಗಳ ಮೇಲೆ ಸರಕು ಹೇರಿ ಊರೂರು ತಿರುಗಿದ ಜನ ಅವರು. ನಿಂತ ಗೋಡೆ ಇಲ್ಲದವರು ತಮ್ಮ ಗುರುತನ್ನು ಬಟ್ಟೆಯ ಮೇಲಲ್ಲದೆ ಇನ್ನೆಲ್ಲಿ ಬರೆಯಬೇಕು? ಈ ಕಸೂತಿಗೆ ಈಗ ಜಿಐ ಟ್ಯಾಗ್ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಸಮಯದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆ ಸೇರಿತು. ದಾಖಲೆಯಲ್ಲಿ ಸಂಖ್ಯೆ ಇದೆ. ಯಾವ ಹೊಲಿಗೆ ಯಾರದು ಎಂಬುದು ಸಂಖ್ಯೆಯಲ್ಲಿ ಕಾಣುವುದಿಲ್ಲ.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಮಾತ್ರ ಒಂದು ಕಸೂತಿ ಅಂಗಡಿಗೆ ಹೆಸರಿತ್ತು. ಸಾರಾ ಕೊಹೆನ್ ಎಂಬ ಯಹೂದಿ ಅಜ್ಜಿಯ ಅಂಗಡಿ ಅದು. ಯಹೂದಿಯರ ಟೋಪಿ, ಸಬ್ಬತ್ ದಿನದ ರೊಟ್ಟಿ ಮುಚ್ಚುವ ವಸ್ತ್ರ, ಇವುಗಳ ಮೇಲೆ ಅವರ ಕೈಕೆಲಸ. ಓದುವಾಗ ನನಗೆ ನಮ್ಮ ಜುಜ್ದಾನೇ ಕಣ್ಮುಂದೆ ಬಂತು. ವಯಸ್ಸಾದ ಮೇಲೆ ಅವರನ್ನೂ ಅಂಗಡಿಯನ್ನೂ ನೋಡಿಕೊಂಡವರು ತಾಹಾ ಇಬ್ರಾಹಿಂ, ಹುಡುಗನಾಗಿ ಅದೇ ಬೀದಿಯಲ್ಲಿ ಪೋಸ್ಟ್‌ಕಾರ್ಡ್ ಮಾರುತ್ತಿದ್ದ ಮುಸ್ಲಿಂ. ಸಾರಾ 2019ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು.

ಕಳೆದ ತಿಂಗಳು ನಾನು ಅಮ್ಮಿಯ ಹೆಸರಿನಲ್ಲಿ ಒಂದು ಖಾತೆ ಪುಸ್ತಕ ತೆರೆದೆ. ಒಂದು ಬ್ಲೌಸ್‌ಗೆ 19 ಗಂಟೆ, ಕೂಲಿ 500 ರೂಪಾಯಿ. ದಾರದ ಖರ್ಚು ಕಳೆಯದೆಯೇ ಗಂಟೆಗೆ 26 ರೂಪಾಯಿ ಚಿಲ್ಲರೆ. ಅಮ್ಮಿ ನೋಡಿ ನಕ್ಕರು, "ಅಂಗಡಿಯವರಿಗೆ ತೋರಿಸಬೇಡ, ಕೆಲಸ ನಿಂತುಹೋದೀತು" ಎಂದರು. ತೋರಿಸಬೇಕೆಂದು ನನಗನ್ನಿಸುತ್ತದೆ. ಇನ್ನೂ ತೋರಿಸಿಲ್ಲ.